ಅಂಗೈ ಗಣಕಗಳ ಪೈಪೋಟಿಯಿಂದ ಜಮೀನಿನ ದಿನಚರಿಗೆ ಪಾಠ

ಯಾವ ತಾಕಿನಲ್ಲಿ ಎಂದು ಬಿತ್ತನೆಯಾಯಿತು, ಮೇಲುಗೊಬ್ಬರ ಎಷ್ಟು ಕೊಡಲಾಯಿತು, ಕಳೆ ತೆಗೆಯಲು ಎಷ್ಟು ಆಳು ಬೇಕಾದವು ಎಂಬುದನ್ನು ಬರೆದಿಡುವ ರೈತನಿಗೆ ಮುಂದಿನ ವರ್ಷದ ಬೇಸಾಯಕ್ಕೆ ಒಂದು ಆಧಾರವಿರುತ್ತದೆ. ಈಗ ಇಂತಹ ದಿನಚರಿಯನ್ನು ಮೊಬೈಲ್ ಫೋನಿನಲ್ಲಿ ಇಡಲು ಹಲವು ಬಗೆಯ ಆ್ಯಪ್‌ಗಳು ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಇದೇ ಬಗೆಯ ಪ್ರಶ್ನೆ 1990ರ ದಶಕದಲ್ಲಿ ಅಂಗೈ ಗಣಕ ಕೊಳ್ಳುವವರ ಮುಂದೆಯೂ ಇತ್ತು. ಆ ಪೈಪೋಟಿ ಮುಗಿದುಹೋಗಿದೆ. ಅದರಿಂದ ಕಲಿಯಬೇಕಾದದ್ದು ಮಾತ್ರ ಉಳಿದಿದೆ.

ಅಂಗೈ ಗಣಕ ಎಂದರೇನು?

ವಿಳಾಸ, ದಿನದ ಕೆಲಸ, ಲೆಕ್ಕ ಮತ್ತು ಟಿಪ್ಪಣಿಗಳನ್ನು ಇಟ್ಟುಕೊಳ್ಳಲು ತಯಾರಿಸಿದ, ಕೈಯಲ್ಲಿ ಹಿಡಿಯಬಹುದಾದ ಸಣ್ಣ ಯಂತ್ರವೇ ಅಂಗೈ ಗಣಕ. ಇದನ್ನು ಬೇರೆ ಬೇರೆ ಕಂಪೆನಿಗಳು ಬೇರೆ ಬೇರೆ ರೀತಿಯಲ್ಲಿ ತಯಾರಿಸಿದವು.

ಅಮೆರಿಕದ ಆಪಲ್ ಕಂಪೆನಿ 1993ರಲ್ಲಿ ‘ನ್ಯೂಟನ್’ ಯಂತ್ರವನ್ನು ಹೊರತಂದಿತು. ಬರೆಯುವವನ ಕೈಬರಹವನ್ನೇ ಅದು ಓದಬೇಕೆಂಬುದು ಉದ್ದೇಶ. ಆದರೆ ಮೊದಲ ಯಂತ್ರಗಳು ಅಕ್ಷರಗಳನ್ನು ತಪ್ಪಾಗಿ ಓದುತ್ತಿದ್ದವು. ಜೇಬಿಗೆ ಹಿಡಿಸದಷ್ಟು ದೊಡ್ಡವೂ ಆಗಿದ್ದವು. 1998ರಲ್ಲಿ ಅದರ ತಯಾರಿಕೆ ನಿಂತಿತು.

1996ರಲ್ಲಿ ಬಂದ ‘ಪಾಮ್ ಪೈಲಟ್’ ಕಡಿಮೆ ಕೆಲಸ ಮಾಡುತ್ತಿತ್ತು, ಆದರೆ ಮಾಡಿದ್ದನ್ನು ಚೆನ್ನಾಗಿ ಮಾಡುತ್ತಿತ್ತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ ಪರೀಕ್ಷಿಸಿದ್ದರು. ಯಂತ್ರ ಕೈಬರಹ ಕಲಿಯುವ ಬದಲು, ಬಳಸುವವನೇ ಸುಲಭವಾದ ಅಕ್ಷರರೂಪಗಳನ್ನು ಕಲಿಯಬೇಕಿತ್ತು. ಎರಡು ಸಣ್ಣ ಸೆಲ್ಲುಗಳು ವಾರಗಟ್ಟಲೆ ಬರುತ್ತಿದ್ದವು. ಒಂದು ಗುಂಡಿ ಒತ್ತಿದರೆ ಎಲ್ಲ ಬರಹದ ಪ್ರತಿ ಮೇಜಿನ ಕಂಪ್ಯೂಟರಿಗೆ ಹೋಗುತ್ತಿತ್ತು.

ಇಂಗ್ಲೆಂಡಿನ ‘ಸಿಯಾನ್’ ಯಂತ್ರಗಳಲ್ಲಿ ಬೆರಳಚ್ಚಿನ ಕೀಲಿಗಳಿದ್ದವು. ಉದ್ದ ಬರೆಯುವವರಿಗೆ ಅವು ಅನುಕೂಲ. 2000ದಲ್ಲಿ ಬಂದ ‘ಪಾಕೆಟ್ ಪಿಸಿ’ ಯಂತ್ರಗಳು ಬಣ್ಣದ ಪರದೆಯಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದವು, ಆದರೆ ಅವನ್ನು ಪದೇ ಪದೇ ಚಾರ್ಜ್ ಮಾಡಬೇಕಿತ್ತು.

ಬೆಂಗಳೂರಿನ ಸಿಂಪ್ಯೂಟರ್

ಈ ಸಾಲಿನಲ್ಲಿ ನಮ್ಮ ನಾಡಿನ ಪ್ರಯತ್ನವೂ ಒಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ಬೆಂಗಳೂರಿನಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿದರು. ಓದು ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡು ಅದರ ಯೋಜನೆಯಲ್ಲಿತ್ತು. ಇನ್ನೊಂದು ವಿಶೇಷವೆಂದರೆ ಸ್ಮಾರ್ಟ್ ಕಾರ್ಡ್. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು, ತಮ್ಮ ತಮ್ಮ ಮಾಹಿತಿಯನ್ನು ತಮ್ಮ ಕಾರ್ಡಿನಲ್ಲಿಯೇ ಇಟ್ಟುಕೊಳ್ಳಬಹುದಿತ್ತು. 2004ರಲ್ಲಿ ‘ಅಮೀಡಾ’ ಎಂಬ ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಮುಂದೆ ಮೊಬೈಲ್ ಫೋನುಗಳೇ ಈ ಎಲ್ಲ ಯಂತ್ರಗಳ ಕೆಲಸವನ್ನು ವಹಿಸಿಕೊಂಡವು.

ಯಂತ್ರ ಹೋದರೂ ಬರಹ ಉಳಿಯಬೇಕು

ಇವುಗಳಲ್ಲಿ ಯಾವುದನ್ನು ಕೊಂಡವನಿಗೂ ಯಂತ್ರ ಹಳತಾಯಿತು. ನಷ್ಟವಾದದ್ದು ಬರಹವನ್ನು ಬೇರೆ ಕಡೆ ತೆಗೆದಿಡದವನಿಗೆ. ಆ ಕಾಲದ ಅನೇಕ ಅಂಗೈ ಗಣಕಗಳಲ್ಲಿ ಸೆಲ್ಲು ಪೂರ್ತಿ ಇಳಿದರೆ ಬರಹವೆಲ್ಲ ಅಳಿಸಿಹೋಗುತ್ತಿತ್ತು. ಸ್ನಾತಕೋತ್ತರ ಅಧ್ಯಯನದಲ್ಲಿದ್ದಾಗ ಈ ಲೇಖಕನು ರಾಗಿ ತಾಕುಗಳ ತೆಂಡೆ ಎಣಿಕೆಯನ್ನು ಇಂತಹ ಒಂದು ಯಂತ್ರದಲ್ಲಿ ಬರೆದಿಟ್ಟು, ಪ್ರತಿ ತೆಗೆಯದೆ ಊರಿಗೆ ಹೋಗಿದ್ದುಂಟು. ಮರಳಿ ಬರುವಷ್ಟರಲ್ಲಿ ಸೆಲ್ಲು ಇಳಿದಿತ್ತು, ಪೈರೂ ಕೊಯ್ಲಾಗಿತ್ತು. ಕೊಯ್ದ ಪೈರಿನಲ್ಲಿ ತೆಂಡೆಗಳನ್ನು ಮತ್ತೆ ಎಣಿಸಲಾಗದು. ಹೊಲದ ಪುಸ್ತಕದಲ್ಲಿ ಬರೆದಿದ್ದ ಎರಡು ಸಾಲು ತಾಕುಗಳ ಲೆಕ್ಕ ಮಾತ್ರ ಉಳಿಯಿತು.

ಆರಿಸುವ ಮೊದಲು ಗಮನಿಸಬೇಕಾದ ಅಂಶಗಳು

1. ಮೊದಲ ದಿನವೇ ನಾಲ್ಕು ಸಾಲು ಬರೆದು, ಅವನ್ನು ಆ್ಯಪ್‌ನಿಂದ ಹೊರತೆಗೆದು ಬೇರೆ ಫೋನಿನಲ್ಲಿ ಓದಿ ನೋಡಬೇಕು. ಹೊರತೆಗೆಯಲು ಬಾರದ ಆ್ಯಪ್ ಎಷ್ಟು ಚೆಂದವಿದ್ದರೂ ಬೇಡ.

2. ಇಂಟರ್ನೆಟ್ ಸಂಪರ್ಕ ನಿಲ್ಲಿಸಿ ಬಳಸಿ ನೋಡಬೇಕು. ಹೊಲದಲ್ಲಿ ಸಿಗ್ನಲ್ ಇಲ್ಲದಾಗಲೂ ಅದು ಬರೆದುಕೊಳ್ಳಬೇಕು.

3. ಕನ್ನಡದಲ್ಲಿ ಬರೆಯಲು ಬರಬೇಕು. ಮನೆಯ ಹೆಂಗಸರೂ ಮಕ್ಕಳೂ ಓದಲಾಗದ ಲೆಕ್ಕ ಅರ್ಧ ಲೆಕ್ಕ.

4. ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಕಾಣುವುದೇ, ಒಂದು ದಿನದ ಕೆಲಸ ಬರೆಯಲು ಎಷ್ಟು ಹೊತ್ತು ಬೇಕು ಎಂಬುದನ್ನು ಹೊಲದಲ್ಲಿಯೇ ನಿಂತು ನೋಡಬೇಕು. ಹೆಚ್ಚು ಹೊತ್ತು ಹಿಡಿಯುವ ದಿನಚರಿ ಬಿತ್ತನೆಯ ಕಾಲದಲ್ಲಿ ನಿಂತುಹೋಗುತ್ತದೆ.

5. ಬ್ಯಾಂಕ್ ಖಾತೆಯ ಗುಪ್ತಸಂಖ್ಯೆಯನ್ನು ಇಂತಹ ದಿನಚರಿಯಲ್ಲಿ ಬರೆಯಬಾರದು.

ವಿಸ್ತರಣಾ ಕಾರ್ಯಕರ್ತರು ಆ್ಯಪ್ ತೋರಿಸುವಾಗ ಅದರಲ್ಲಿ ಬರೆಯುವುದನ್ನಷ್ಟೇ ಕಲಿಸದೆ, ಪ್ರತಿ ತೆಗೆಯುವುದನ್ನೂ ರೈತರ ಕೈಯಿಂದಲೇ ಮಾಡಿಸಬೇಕು. ತಿಂಗಳಿಗೊಮ್ಮೆ ಪ್ರತಿ ತೆಗೆದಿಟ್ಟು, ಬಿತ್ತನೆ, ಗೊಬ್ಬರ, ಔಷಧಿ ಮತ್ತು ಇಳುವರಿಯ ಮುಖ್ಯ ಅಂಕಿಗಳನ್ನು ಕಾಗದದ ಪುಸ್ತಕದಲ್ಲಿಯೂ ಬರೆಯುವುದು ಒಳ್ಳೆಯದು. ಫೋನನ್ನು ಬೇಕಾದಾಗ ಬದಲಿಸಬಹುದು. ಕಳೆದ ಹಂಗಾಮನ್ನು ಮತ್ತೆ ಬೆಳೆದು ಲೆಕ್ಕ ಬರೆಯಲು ಸಾಧ್ಯವಿಲ್ಲ.