ಲಾಡಿಹುಳುವಿನ ಪ್ರಭೇದ ನಿರ್ಣಯ: ಮಲಪ್ರಭಾ ಸೀಮೆಯ ಹಿನ್ನೆಲೆಯಲ್ಲಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಯ ಮಲಪ್ರಭಾ ಸೀಮೆಗೆ ಸೇರಿದವು. ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯೆಸೊಪ್ಪು, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿಗಳನ್ನು ತಿನ್ನುವುದು ಇಲ್ಲಿನ ರೂಢಿ. ಲಾಡಿಹುಳು ಮಾಂಸಾಹಾರಿಗಳನ್ನು ಮಾತ್ರ ಬಾಧಿಸುತ್ತದೆ ಎಂಬ ಭಾವನೆ ಸಾಮಾನ್ಯವಾದುದಾದರೂ ಅದು ಅರ್ಧಸತ್ಯ.

ಮನುಷ್ಯನ ಕರುಳಿನಲ್ಲಿ ಬೆಳೆಯುವ ಟೀನಿಯಾ ಕುಲದ ಪ್ರಭೇದಗಳಲ್ಲಿ ಮೂರು ಮುಖ್ಯವಾದವು. ಲಿನೇಯಸ್ 1758ರಲ್ಲಿ ಹೆಸರಿಸಿದ ಟೀನಿಯಾ ಸೋಲಿಯಮ್ ಹಂದಿಮಾಂಸದಿಂದಲೂ, ಗೋಯೆಜ್ 1782ರಲ್ಲಿ ಹೆಸರಿಸಿದ ಟೀನಿಯಾ ಸ್ಯಾಜಿನೇಟಾ ದನದ ಮಾಂಸದಿಂದಲೂ, 1993ರಲ್ಲಿ ಪ್ರತ್ಯೇಕ ಪ್ರಭೇದವೆಂದು ವರ್ಣಿತವಾದ ಟೀನಿಯಾ ಏಷಿಯಾಟಿಕಾ ಹಂದಿಯ ಯಕೃತ್ತಿನಿಂದಲೂ ಬರುತ್ತವೆ. ಇವುಗಳಲ್ಲಿ ಸೋಲಿಯಮ್‌ನ ಅಪಾಯವೇ ಬೇರೆ. ಸೋಂಕಿತನ ಮಲದೊಡನೆ ಹೊರಬಿದ್ದ ಅದರ ಮೊಟ್ಟೆಗಳು ಸೊಪ್ಪು, ನೀರು ಅಥವಾ ತೊಳೆಯದ ಕೈಗಳ ಮೂಲಕ ಹೊಟ್ಟೆ ಸೇರಿದರೆ, ಲಾರ್ವಗಳು ರಕ್ತದೊಡನೆ ಮೆದುಳನ್ನು ತಲುಪಿ, ದ್ರವ ತುಂಬಿದ ಗುಳ್ಳೆಗಳಾಗಿ ಅಪಸ್ಮಾರಕ್ಕೆ ಕಾರಣವಾಗಬಲ್ಲವು. ಭಾರತದಲ್ಲಿ ಸೇವೆ ಸಲ್ಲಿಸಿ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಈ ರೋಗವನ್ನು 1930ರ ದಶಕದಲ್ಲಿಯೇ ಅಧ್ಯಯನ ಮಾಡಲಾಗಿತ್ತು. ಮಾಂಸವನ್ನೇ ಮುಟ್ಟದವರೂ ಇದರಿಂದ ಮುಕ್ತರಲ್ಲ.

ಆದುದರಿಂದ ಹುಳು ಯಾವುದೆಂದು ನಿರ್ಣಯಿಸುವುದು ಅವಶ್ಯ. ಸೂಕ್ಷ್ಮದರ್ಶಕದಲ್ಲಿ ಮೂರರ ಮೊಟ್ಟೆಗಳೂ ಒಂದೇ ರೂಪದಲ್ಲಿ ಕಾಣುತ್ತವೆ. ಹೊರಬಿದ್ದ ಖಂಡದಲ್ಲಿನ ಗರ್ಭಾಶಯದ ಕವಲುಗಳನ್ನು ಎಣಿಸುವುದು ಹಳೆಯ ವಿಧಾನ. ಸೋಲಿಯಮ್‌ನಲ್ಲಿ ಪ್ರತಿ ಪಕ್ಕಕ್ಕೆ ಸುಮಾರು 7ರಿಂದ 13, ಸ್ಯಾಜಿನೇಟಾದಲ್ಲಿ 12ರಿಂದ 30 ಕವಲುಗಳಿರುವುದರಿಂದ ಗಡಿ ಸ್ಪಷ್ಟವಿಲ್ಲ. ಏಷಿಯಾಟಿಕಾ ಸ್ಯಾಜಿನೇಟಾವನ್ನೇ ಹೋಲುತ್ತದೆ.

ಈ ತೊಡಕನ್ನು ವಂಶವಾಹಿ ವಿಶ್ಲೇಷಣೆ ಬಿಡಿಸುತ್ತದೆ. ಖಂಡದಿಂದ ಅಥವಾ ಮೊಟ್ಟೆಗಳಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಮೈಟೊಕಾಂಡ್ರಿಯಾದ ಕಾಕ್ಸ್-1 ವಂಶವಾಹಿಯ ಭಾಗವೊಂದನ್ನು ಪಿಸಿಆರ್ ವಿಧಾನದಿಂದ ವೃದ್ಧಿಸಿ, ಅದರ ಕ್ರಮವನ್ನು ಗೊತ್ತಿರುವ ಪ್ರಭೇದಗಳ ಕ್ರಮದೊಡನೆ ಹೋಲಿಸಲಾಗುತ್ತದೆ. ಸೋಲಿಯಮ್‌ನಲ್ಲಿಯೇ ಏಷ್ಯಾದ್ದೊಂದು, ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕದ್ದೊಂದು ಎಂಬ ಎರಡು ಶಾಖೆಗಳಿರುವುದು ಮೈಟೊಕಾಂಡ್ರಿಯಾದ ಅಧ್ಯಯನದಿಂದ ವಿದಿತವಾಯಿತು. ಆದರೆ ಸ್ಯಾಜಿನೇಟಾ ಮತ್ತು ಏಷಿಯಾಟಿಕಾಗಳ ಸಂಕರವನ್ನು ಮೈಟೊಕಾಂಡ್ರಿಯಾ ಒಂದೇ ತೋರಿಸಲಾರದು. ಅದಕ್ಕೆ ಜೀವಕೋಶದ ಕೇಂದ್ರದಲ್ಲಿರುವ ವಂಶವಾಹಿಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಈ ನಿರ್ಣಯದ ಮೊದಲ ಹೆಜ್ಜೆ ಗ್ರಾಮದ ಆರೋಗ್ಯಕೇಂದ್ರದಲ್ಲಿಯೇ ಇದೆ. ಖಂಡವನ್ನು ಫಾರ್ಮಲಿನ್‌ನಲ್ಲಿಟ್ಟರೆ ಡಿಎನ್‌ಎ ಹಾಳಾಗುತ್ತದೆ, ಎಥನಾಲ್‌ನಲ್ಲಿಟ್ಟರೆ ಉಳಿಯುತ್ತದೆ. ಸೋಲಿಯಮ್ ಎಂದು ಖಚಿತವಾದಲ್ಲಿ ಸೋಂಕಿತನಿಗೆ ಚಿಕಿತ್ಸೆ ನೀಡುವುದರೊಡನೆ ಮನೆಯವರೆಲ್ಲರ ತಪಾಸಣೆಯೂ ನಡೆಯಬೇಕು. ಅದೇ ಮನೆಯಲ್ಲಿ ಉಣ್ಣುವ, ಮಾಂಸ ತಿನ್ನದ ಮಗುವನ್ನೂ ಅದರಿಂದ ಹೊರಗಿಡುವಂತಿಲ್ಲ.