ಚೀಲ, ಚೀಟಿ ಮತ್ತು ಸಕ್ಕರೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇದರ ಮೊದಲರ್ಧವನ್ನು ನಮಗೆ ವೈದ್ಯರು ಕಲಿಸಿದರು. ಉಳಿದರ್ಧವನ್ನು ಕಿರಾಣಿ ಅಂಗಡಿಯ ಮುಂದಿನ ಸಾಲು ಕಲಿಸಿತು. ಆ ಕತೆಯನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ. ಇದು ನಮ್ಮೊಬ್ಬರದೇ ಕತೆಯಾಗಿದ್ದರೆ ಬರೆಯುವ ಗೊಡವೆಗೆ ಹೋಗುತ್ತಿರಲಿಲ್ಲ. ಆದರೆ ನಮ್ಮ ಸಂಘದ ಸಭೆಗಳಲ್ಲಿ 'ನನಗೆ ಸಕ್ಕರೆ ಇಲ್ಲದ ಚಹ' ಎನ್ನುವವರ ಸಾಲು ವರ್ಷ ವರ್ಷಕ್ಕೆ ಬೆಳೆಯುತ್ತಿರುವದನ್ನು ಕಂಡಾಗ, ಹೇಳಿಬಿಡುವದೇ ಮೇಲೆನಿಸಿತು.

ನಾವು ಸರಕಾರಿ ಕಚೇರಿಯೊಂದರ ಗುಮಾಸ್ತರು. ವಾಸ ಡೊಂಬಿವಲಿಯಲ್ಲಿ, ಮೂಲ ಧಾರವಾಡದ ಕಡೆಯದು. ಮನೆಯಲ್ಲಿ ನಮ್ಮ ತಾಯಿ, ನಮ್ಮ ಮನೆಯವರು ಮತ್ತು ಒಬ್ಬ ಮಗಳು. ತಾಯಿಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಾಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ನಮಗೆ ಮೂವತ್ತೊಂದನೆಯ ವರ್ಷದಲ್ಲಿಯೇ ಅದು ಬಂದಿತು. ತಂದೆಯ ಆಸ್ತಿ ಕೈಸೇರಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ತಾಯಿಯ ಈ ಆಸ್ತಿ ಮಾತ್ರ ಅರ್ಜಿ ಹಾಕದೆ ನಮ್ಮ ಹೆಸರಿಗೆ ವರ್ಗವಾಯಿತು! ತಾಯಿಯವರ ಕಾಯಿಲೆ ನೆರೆಹೊರೆಗೆಲ್ಲ ಗೊತ್ತಿತ್ತು. ನಮ್ಮದನ್ನು ಯಾರಿಗೂ ಹೇಳಿರಲಿಲ್ಲ. ವಯಸ್ಸಾದವರಿಗೆ ಬಂದರೆ ಅದು ರೋಗ, ಹರೆಯದವರಿಗೆ ಬಂದರೆ ಅವಮಾನ ಎಂಬ ಹುಚ್ಚು ಭಾವನೆ ನಮ್ಮ ತಲೆಯಲ್ಲಿ ಹೊಕ್ಕಿತ್ತು.

ಹೀಗಿರಲು 2020ರ ಮಾರ್ಚ್ ತಿಂಗಳು ಬಂದಿತು. 22ರಂದು ಜನತಾ ಕರ್ಫ್ಯೂ; ಅದರ ಬೆನ್ನಿಗೇ ಲೋಕಲ್ ಗಾಡಿಗಳು ನಿಂತವು. 24ರ ರಾತ್ರಿ ಎಂಟಕ್ಕೆ ಪ್ರಧಾನಮಂತ್ರಿಗಳು ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಸಾರಿದರು. ಭಾಷಣ ಮುಗಿಯುವದರೊಳಗೆ ನಮ್ಮ ಓಣಿಯ ಜನವೆಲ್ಲ ಚೀಲ ಹಿಡಿದು ಅಂಗಡಿಯ ಮುಂದಿತ್ತು. ಒಬ್ಬರನ್ನೊಬ್ಬರು ಮುಟ್ಟಬಾರದೆಂದು ಹೇಳಿದ ಗಳಿಗೆಯಲ್ಲಿಯೇ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ತೊಗರಿಬೇಳೆ ಕೊಂಡೆವು.

ಸಕ್ಕರೆ ಕಾಯಿಲೆಯವರಿಗೆ ಆಗ ಇದ್ದ ಅಂಜಿಕೆ ಇಮ್ಮಡಿಯದು. ಈ ಕಾಯಿಲೆ ಇದ್ದವರಿಗೆ ಕೊರೋನಾ ಬೇಗ ತಗಲುತ್ತದೆ ಎಂದು ಜನ ತಿಳಿದಿದ್ದರು. ನಿಜವಾದ ತೊಡಕು ಬೇರೆ. ತಗಲಿದ ಮೇಲೆ, ಅದರಲ್ಲಿಯೂ ರಕ್ತದ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ರೋಗ ವಿಷಮಿಸುವ ಸಂಭವ ಹೆಚ್ಚು. ಯಾವುದೇ ಸೋಂಕು ಬಂದರೂ ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯನ್ನು ಕುಂದಿಸುತ್ತದೆ. ಅಂದ ಬಳಿಕ ನಮ್ಮಂಥವರು ಮಾಡಬೇಕಾದ ಕೆಲಸ ಎರಡು: ಸೋಂಕನ್ನು ಮನೆಗೆ ತರಬಾರದು, ಸಕ್ಕರೆಯನ್ನು ಏರಗೊಡಬಾರದು. ನಾವು ಮೊದಲನೆಯದಕ್ಕಾಗಿ ಮೈಯೆಲ್ಲ ಕಣ್ಣಾಗಿ, ಎರಡನೆಯದನ್ನು ಮರೆತೇಬಿಟ್ಟೆವು.

ಆ ದಿನಗಳ ನಮ್ಮ ಶುದ್ಧಾಚಾರವನ್ನು ನೆನೆದರೆ ಈಗ ನಗೆ ಬರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ವೈರಾಣು ಮೂರು ದಿನ ಉಳಿಯಬಲ್ಲದೆಂಬ ಸುದ್ದಿ ಬಂದದ್ದೇ ತಡ, ಹಾಲಿನ ಚೀಲವೊಂದನ್ನು ಬಿಟ್ಟು ಮಿಕ್ಕೆಲ್ಲ ಸಾಮಾನು ಮೂರು ದಿನ ಬಾಲ್ಕನಿಯಲ್ಲಿ ವನವಾಸ ಅನುಭವಿಸಿತು. ಬದನೆಕಾಯಿಗೆ ಸಾಬೂನಿನ ಅಭ್ಯಂಜನವಾಯಿತು. ನೋಟುಗಳಿಗೆ ಇಸ್ತ್ರಿಯಾಯಿತು, ಹತ್ತು ರೂಪಾಯಿಯದೊಂದು ಅಂಚು ಸುಟ್ಟುಕೊಂಡು ಇಂದಿಗೂ ನಮ್ಮ ಕಪಾಟಿನಲ್ಲಿದೆ. ತಾಯಿಯವರು ನೋಡಿ ನೋಡಿ ಒಂದು ದಿನ, "ತಮ್ಮಾ, ನಮ್ಮ ಅತ್ತಿ ಮಡಿನೂ ಇಷ್ಟು ಬಿಗಿ ಇರಲಿಲ್ಲೋ" ಎಂದರು.

ಇತ್ತ ತಟ್ಟೆಯಲ್ಲಿ ಏನಾಗಿತ್ತು? ಸಾಲಿನಲ್ಲಿ ನಿಂತು ಸಿಕ್ಕದ್ದನ್ನು ಬಾಚಿ ತಂದಿದ್ದೆವು: ಅಕ್ಕಿ, ಅವಲಕ್ಕಿ, ರವೆ, ಬಟಾಟೆ, ಬಿಸ್ಕೀಟು. ಕೆಡದೆ ಉಳಿಯುವ ಪದಾರ್ಥಗಳು ನಿಜ. ಆದರೆ ಎಲ್ಲವೂ ಸಕ್ಕರೆಯನ್ನು ಏರಿಸುವ ಬಳಗ. ಕಾಯಿಪಲ್ಯದ ಗಾಡಿ ಬರುತ್ತಿರಲಿಲ್ಲ. ಸ್ಟೇಶನ್ನಿಗೆ ನಡೆದು ಹೋಗುವದೂ ತಪ್ಪಿ, ದಿನವೆಲ್ಲ ಕುಳಿತದ್ದೇ ಆಯಿತು. ಎರಡು ವಾರಗಳಲ್ಲಿ ನಮ್ಮ ಮುಂಜಾನೆಯ ಸಕ್ಕರೆ 130ರಿಂದ 190ಕ್ಕೆ ಹೋಯಿತು. ಬಾಗಿಲಲ್ಲಿ ಶತ್ರುವನ್ನು ಕಾಯುತ್ತ ಹಿತ್ತಲ ಕದವನ್ನು ತೆರೆದಿಟ್ಟ ಹಾಗಾಯಿತು.

ಏಪ್ರಿಲ್ ಎರಡನೆಯ ವಾರದ ಒಂದು ಮುಂಜಾನೆ. ಏಳು ಗಂಟೆಗೆ ಕಿರಾಣಿ ಅಂಗಡಿ ತೆರೆಯುತ್ತದೆಂದು ಕೇಳಿ, ನಿತ್ಯದ ಗುಳಿಗೆಯನ್ನು ನುಂಗಿ, ಚಪ್ಪಲಿ ಮೆಟ್ಟಿದೆವು.

"ಹೊಟ್ಟ್ಯಾಗ ಏನರೆ ಹಾಕ್ಕೊಂಡು ಹೋಗ್ರಿ" ಎಂದರು ನಮ್ಮ ಮನೆಯವರು.

"ಅರ್ಧ ತಾಸಿನ್ಯಾಗ ಬರ್ತೀನಿ, ಬಂದು ತಿಂತೀನಿ" ಎಂದು ಹೊರಟೆವು.

ಅರ್ಧ ತಾಸು ಎರಡು ತಾಸಾಯಿತು. ಸುಣ್ಣದಿಂದ ಬರೆದ ಸುತ್ತುಗಳಲ್ಲಿ ಒಬ್ಬೊಬ್ಬರಾಗಿ ನಿಂತಿದ್ದೆವು, ಬಿಸಿಲು ಏರಿತು. ಮೊದಲು ಕೈ ನಡುಗಿತು. ಆ ಮೇಲೆ ತಣ್ಣನೆಯ ಬೆವರು, ಎದೆ ಡವಡವ, ಕಣ್ಣಿಗೆ ಮಂಜು. ನಮ್ಮ ಗುಳಿಗೆ ಗ್ಲಿಮೆಪಿರೈಡ್ ಎಂಬ ಜಾತಿಯದು. ಅದನ್ನು ನುಂಗಿ ಉಣ್ಣದೆ ಇದ್ದರೆ ಸಕ್ಕರೆ ಕೆಳಗಿಳಿದುಬಿಡುತ್ತದೆ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಕಾಲದಲ್ಲಿ ಸಾಲಿನಲ್ಲಿ ಒಬ್ಬ ಮನುಷ್ಯ ಬಿದ್ದನೆಂದರೆ ಎತ್ತಲು ಯಾರೂ ಬರುವದಿಲ್ಲ, 'ಕೊರೋನಾ!' ಎಂದು ಓಡುತ್ತಾರೆ. ಮೂರು ಸುತ್ತುಗಳ ಆಚೆಗೆ ಡಬ್ಬಿಗಟ್ಟಲೆ ಸಕ್ಕರೆ ಇತ್ತು. ಚಮಚೆಯಷ್ಟನ್ನು ಬೇಡಲು ನಮಗೆ ನಾಲಿಗೆ ಏಳಲಿಲ್ಲ.

ನಮ್ಮ ಹಿಂದಿನ ಸುತ್ತಿನಲ್ಲಿ ಮೂರನೆಯ ಮಹಡಿಯ ನಿವೃತ್ತ ನರ್ಸಬಾಯಿಯವರಿದ್ದರು. ಮರಾಠಿಯವರು, ಎಲ್ಲರೂ ಅವರನ್ನು 'ತಾಯೀ' ಎನ್ನುತ್ತಾರೆ. ಅವರು ನಮ್ಮ ಅಂಗಿ ತೊಯ್ದದ್ದನ್ನು ನೋಡಿ, ಮುಂದೆ ಬಂದು, "ನಿಮಗೂ ಶುಗರ್ ಇದೆಯೇನು? ಮುಂಜಾನೆ ತಿಂದಿದ್ದೀರಾ?" ಎಂದು ಕೇಳಿದರು. ತಲೆ ಅಲ್ಲಾಡಿಸಿದೆವು. ಅವರು ಅಂಗಡಿಯವನಿಗೆ ಕೂಗಿ ಹೇಳಿ, ಮೂರು ಚಮಚೆ ಸಕ್ಕರೆ ಹಾಕಿದ ನೀರು ತರಿಸಿದರು. ನೆರಳಿನಲ್ಲಿ ಕೂಡ್ರಿಸಿ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ನಿಂತರು. ನಡುಕ ಇಳಿಯಿತು. ಒಂದು ಬಿಸ್ಕೀಟಿನ ಪುಡಿಕೆ ಒಡೆದು ಎರಡು ತಿನ್ನಿಸಿ ಮನೆಗೆ ಕಳಿಸಿದರು. ಮರಾಠಿಯಲ್ಲಿ ಆ ಮಾತಿಗೆ ಅಕ್ಕ ಎಂದರ್ಥ. ಅಂದು ಅವರು ನಮಗೆ ಕನ್ನಡದ ತಾಯಿಯೇ ಆದರು. ಮನೆಗೆ ಬಂದು ಬೆರಳು ಚುಚ್ಚಿ ನೋಡಿದರೆ 82 ಇತ್ತು. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಸಾಲಿನಲ್ಲಿ ಎಷ್ಟಿತ್ತೋ, ಅಳೆಯುವ ಯಂತ್ರ ಮನೆಯಲ್ಲಿತ್ತು!

ಸಂಜೆ ತಾಯೀ ಬಾಗಿಲ ಹೊರಗೆ ನಿಂತು ಹೇಳಿದ ಮಾತು ಇದು: "ಮುಖಕ್ಕೆ ಮಾಸ್ಕ್ ಕಟ್ಟಿರಿ, ರೋಗಕ್ಕೆ ಕಟ್ಟಬೇಡಿ."

ಮರುದಿನ ನಾವು ಮಾಡಿದ್ದು ಗುಮಾಸ್ತನಿಗೆ ಬರುವ ಒಂದೇ ಕೆಲಸ: ಪಟ್ಟಿ. ಗೆರೆ ಎಳೆದ ಹಾಳೆಯಲ್ಲಿ ನಮ್ಮ ಹೆಸರು ಮೊದಲು ಬರೆದು, ಎದುರಿಗೆ 'ಸಕ್ಕರೆ ಕಾಯಿಲೆ' ಎಂದು ಕಾಣಿಸಿ, ಹದಿನಾರು ಮನೆಗಳಿಗೂ ಕಳಿಸಿದೆವು. ಯಾರಿಗೆ ಏನು ತೊಂದರೆ, ಯಾವ ಔಷಧ, ಯಾವ ಸಾಮಾನು ತಡೆಯಲಾಗದ್ದು, ಇಷ್ಟೇ ಕಲಮುಗಳು. ಹಾಳೆ ಮರಳಿ ಬಂದಾಗ ನಾವು ದಂಗಾದೆವು. ನಮ್ಮ ಮನೆಯ ಹೊರತಾಗಿ ಇನ್ನೈದು ಮನೆಗಳಲ್ಲಿ ಅದೇ ಕಾಯಿಲೆ! ಆರನೆಯ ನಂಬರಿನ ತರುಣನೊಬ್ಬನಂತೂ ನಮ್ಮ ಹಾಗೆಯೇ ಎರಡು ವರ್ಷದಿಂದ ಮುಚ್ಚಿಟ್ಟಿದ್ದ. ಕಾಲೇಜಿಗೆ ಹೋಗುವ ಇಬ್ಬರು ಗಟ್ಟಿಮುಟ್ಟಾದ ಹುಡುಗರು ವಾರಕ್ಕೆರಡು ಸಲ ಎಲ್ಲರ ಚೀಟಿ ಒಯ್ದು ಸಾಮಾನು ತರಲು ಒಪ್ಪಿದರು. ಹಣವನ್ನು ಫೋನಿನಿಂದಲೇ ಸಲ್ಲಿಸಿದೆವು. ಹದಿನಾರು ಜನ ಸಾಲಿನಲ್ಲಿ ನಿಲ್ಲುವ ಬದಲು ಇಬ್ಬರು ನಿಂತರು. ಜಂಗುಳಿಯೂ ಅಷ್ಟು ಕಡಿಮೆಯಾಯಿತು.

ಚೀಟಿ ಬರೆಯುವ ಕ್ರಮವನ್ನೂ ತಿದ್ದಿಕೊಂಡೆವು. ಎಲ್ಲಕ್ಕೂ ಮೊದಲು ಔಷಧ: ಗುಳಿಗೆ, ಇನ್ಸುಲಿನ್, ಬೆರಳು ಚುಚ್ಚುವ ಪಟ್ಟಿಗಳು, ಎರಡು ವಾರಗಳ ಸಂಗ್ರಹ ಉಳಿದಿರುವಾಗಲೇ ಹೊಸದು. ಬಳಸದ ಇನ್ಸುಲಿನ್ ಫ್ರಿಜ್ಜಿನ ಒಳಗೆ, ಆದರೆ ಬರ್ಫದ ಖಾನೆಯಲ್ಲಲ್ಲ. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಆ ಮೇಲೆ ಕಾಳುಗಳು: ಹೆಸರು, ಮಡಿಕೆ, ಅಲಸಂದಿ, ಕಡಲೆ. ಇವು ತಿಂಗಳುಗಟ್ಟಲೆ ಇರುತ್ತವೆ. ಮೊಳಕೆ ಬರಿಸಿದರೆ ಕಾಯಿಪಲ್ಯ ಸಿಗದ ದಿನ ತಟ್ಟೆ ಬರಿದಾಗುವದಿಲ್ಲ. ಅಕ್ಕಿಯ ಅರ್ಧದಷ್ಟು ಜೋಳದ ಹಿಟ್ಟಿಗೆ ಹೋಯಿತು. ಕಾಯಿಪಲ್ಯ ಬಂದಾಗ ಮೆಂತೆ, ಪಾಲಕ ಮೊದಲೆರಡು ದಿನ. ಬೆಂಡೆ, ಹೀರೆ ಅದರ ಮುಂದೆ. ಕ್ಯಾಬೇಜು, ಗಜ್ಜರಿ ಕೊನೆಗೆ. ತಟ್ಟೆಯ ಅರ್ಧ ಪಲ್ಯ, ಕಾಲು ಬೇಳೆ-ಕಾಳು, ಕಾಲು ರೊಟ್ಟಿ ಅಥವಾ ಅನ್ನ. ತಾಯಿಯವರು, "ಇದು ನಮ್ಮ ಹಳ್ಳ್ಯಾಗ ಬಡವರ ಊಟ ಆಗಿತ್ತಪಾ" ಎಂದರು. ಮೇ ಮುಗಿಯುವ ಹೊತ್ತಿಗೆ ನಮ್ಮ ಸಕ್ಕರೆ ಮೊದಲಿನ ಮಟ್ಟಕ್ಕೆ ಇಳಿದಿತ್ತು.

ಆ ಮೇಲೆ ತಿಳಿದ ಸಂಗತಿಗಳೂ ಇವೆ. ಈ ರೋಗ ಹೆಚ್ಚಾಗಿ ಹರಡುವದು ಉಸಿರಿನ ಗಾಳಿಯಿಂದ. ಸಾಮಾನಿನ ಮೈಯಿಂದ ಬರುವ ಸಂಭವ ತೀರ ಕಡಿಮೆ. ಮುಚ್ಚಿದ ಅಂಗಡಿಗಿಂತ ಬಯಲಿನ ಗಾಡಿ ಮೇಲು, ಜನ ಇಲ್ಲದ ಹೊತ್ತು ಮೇಲು. ಮೂಗು ಮುಚ್ಚುವ ಮಾಸ್ಕ್, ಮನೆಗೆ ಬಂದೊಡನೆ ಸಾಬೂನಿನಿಂದ ಕೈ ತೊಳೆಯುವದು ಬೇಕು. ಬದನೆಕಾಯಿಗೆ ಸಾಬೂನು ಬೇಡ. ಅದು ಹೊಟ್ಟೆಗೆ ಹೋಗಬಾರದು. ಹರಿಯುವ ನೀರು ಸಾಕು.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಆರಂಭವಾದಾಗ ತಾಯಿಯವರನ್ನು ಕರೆದೊಯ್ದೆವು. ನಮ್ಮ ವಯಸ್ಸಿನವರಿಗೆ ಮೇ ತಿಂಗಳಲ್ಲಿ ಬಾಗಿಲು ತೆರೆಯಿತು. ಅದೇ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರವೆಂಬ ಭೀಕರ ಸೋಂಕು ಮುಖ್ಯವಾಗಿ ಸಕ್ಕರೆ ಹತೋಟಿ ತಪ್ಪಿದವರನ್ನೇ ಹುಡುಕಿಕೊಂಡು ಬಂದದ್ದನ್ನು ಓದಿದಾಗ, ಜೋಳದ ರೊಟ್ಟಿಗೂ ಕಾಳುಪಲ್ಯಕ್ಕೂ ಮನಸ್ಸಿನಲ್ಲಿಯೇ ಕೈಮುಗಿದೆವು.

ಆ ಸುಣ್ಣದ ಸುತ್ತುಗಳು ಎಂದೋ ಅಳಿಸಿಹೋದವು. ಆದರೆ ಸಾಲುಗಳೆಲ್ಲಿ ತಪ್ಪುತ್ತವೆ? ರೇಲ್ವೆ ಟಿಕೀಟಿಗೆ, ಆಸ್ಪತ್ರೆಗೆ, ಮದುವೆಯ ಊಟಕ್ಕೆ ಸಾಲು ಇದ್ದೇ ಇದೆ. ನಮ್ಮ ಅಂಗಿಯ ಕಿಸೆಯಲ್ಲಿ ಈಗ ಸದಾ ಒಂದು ಸಣ್ಣ ಸಕ್ಕರೆಯ ಪೊಟ್ಟಣ, ಹೆಸರು ಮತ್ತು ಔಷಧ ಬರೆದ ಒಂದು ಚೀಟಿ ಇರುತ್ತವೆ. ತಿನ್ನದೆ ಗುಳಿಗೆ ನುಂಗುವದಿಲ್ಲ. ಮಗ್ಗುಲಲ್ಲಿ ನಿಂತವರಿಗೆ, "ನನಗೆ ಶುಗರ್ ಅದರೀ, ನಡುಗಿದರ ಸ್ವಲ್ಪ ಸಕ್ಕರಿ ಕೊಡ್ರಿ" ಎಂದು ಮೊದಲೇ ಹೇಳಿಬಿಡುತ್ತೇವೆ. ಹೀಗೆ ಹೇಳಿದಾಗ ಎಷ್ಟೋ ಸಲ ಆ ಮನುಷ್ಯರೂ ಮೆಲ್ಲನೆ, "ನನಗೂ ಅದರೀ" ಎನ್ನುತ್ತಾರೆ. ಅಲ್ಲಿಗೆ ಇಬ್ಬರ ಭಾರವೂ ಅರ್ಧ ಇಳಿಯುತ್ತದೆ.

ಸಂಘದ ಮುಂದಿನ ಸಭೆಯಲ್ಲಿ ಸಕ್ಕರೆ ಇಲ್ಲದ ಚಹದ ತಟ್ಟೆ ಬಂದಾಗ, ವಾಚಕರಲ್ಲಿ ಯಾರಿಗಾದರೂ ಕೈಚಾಚಲು ಸಂಕೋಚವೆನಿಸಿದರೆ ನಮ್ಮ ಪಕ್ಕಕ್ಕೆ ಬಂದು ಕೂಡ್ರಬೇಕು. ಮೊದಲ ಕಪ್ಪು ನಾವೇ ಎತ್ತಿಕೊಳ್ಳುತ್ತೇವೆ.