ಎಡಗಾಲಿನ ವಿವೇಕ

ಮನೆಯಂಗಳಕ್ಕೆ ಹೊಸ ಕಾರು ಬಂದ ದಿನ ಅದಕ್ಕೆ ಹೂವು ಏರಿಸಿ, ಹತ್ತಾರು ಜನಕ್ಕೆ ಸಿಹಿ ಹಂಚಿ ಸಂಭ್ರಮಿಸುವುದು ನಮ್ಮಲ್ಲಿ ರೂಢಿಯಾಗಿದೆ. ಮರುದಿನ ಅದನ್ನು ನಡೆಸಲು ಕುಳಿತವರು ಮಗನಾಗಿರಲಿ, ಸೊಸೆಯಾಗಿರಲಿ, ಕಾಲೆತ್ತುವಷ್ಟರಲ್ಲಿಯೇ ವಾಹನವು ಒಮ್ಮೆ ಜಿಗಿದು, ನಡುಗಿ, ನಿಂತುಬಿಡುತ್ತದೆ. ನೋಡುವವರು ನಗುತ್ತಾರೆ; ಕಲಿಯುವವರು ಕುಗ್ಗುತ್ತಾರೆ. ಇಲ್ಲಿ ತಪ್ಪಿದ್ದು ಕಾಲಲ್ಲ, ತಿಳಿವಳಿಕೆ. ಕ್ಲಚ್ಚನ್ನು ಮೆಲ್ಲಗೆ ಬಿಡು ಎಂದು ಹೇಳುವವರು ಬಹಳ. ಏಕೆ ಮೆಲ್ಲಗೆ ಬಿಡಬೇಕೆಂದು ತಿಳಿಸುವವರು ವಿರಳ. ಕಾರಣವನ್ನು ಅರಿತ ಕಾಲು ಬೇಗ ಪಳಗುತ್ತದೆ.

ವಾಹನವು ನಿಂತಿರುವಾಗಲೂ ಚಾಲನೆಯಲ್ಲಿರುವ ಎಂಜಿನ್ನು ನಿಮಿಷಕ್ಕೆ ಸುಮಾರು ೮೦೦ ಸುತ್ತು ತಿರುಗುತ್ತಿರುತ್ತದೆ. ಚಕ್ರಗಳಾದರೋ ನಿಶ್ಚಲ. ತಿರುಗುವುದನ್ನೂ ನಿಂತುದನ್ನೂ ಒಮ್ಮೆಲೇ ಬೆಸೆದರೆ ಎಂಜಿನ್ನು ಸೋತು ನಿಲ್ಲುತ್ತದೆ. ಈ ಎರಡರ ನಡುವೆ ಸಂಧಾನ ಮಾಡುವುದೇ ಕ್ಲಚ್ಚು. ಅದರೊಳಗಿನ ಘರ್ಷಣೆಯ ತಟ್ಟೆಯು ಪೆಡಲನ್ನು ತುಳಿದಾಗ ಎಂಜಿನ್ನಿನಿಂದ ಬಿಡುಗಡೆ ಹೊಂದುತ್ತದೆ. ಬಿಟ್ಟಾಗ ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿಯುತ್ತದೆ. ಇವೆರಡರ ಮಧ್ಯೆ, ಜಾರುತ್ತ ಜಾರುತ್ತ ಹಿಡಿಯುವ ಒಂದು ಘಟ್ಟವುಂಟು. ಆಗ ಎಂಜಿನ್ನಿನ ಧ್ವನಿ ತಗ್ಗುತ್ತದೆ, ಗಾಡಿ ಮುಂದಕ್ಕೆ ತುಡಿಯುತ್ತದೆ. ಅಲ್ಲಿ ಪಾದವನ್ನು ಕ್ಷಣಕಾಲ ತಡೆದು ನಿಲ್ಲಿಸುವುದೇ ಕಲಿಕೆಯ ತಿರುಳು.

ಸಮತಟ್ಟಾದ ಬಯಲಿನಲ್ಲಿ, ಆಕ್ಸಿಲರೇಟರನ್ನು ಮುಟ್ಟದೆ, ಒಂದನೆಯ ಗೇರಿನಲ್ಲಿ ಕ್ಲಚ್ಚನ್ನಷ್ಟೇ ಮೆಲ್ಲಗೆ ಬಿಟ್ಟು ಗಾಡಿಯನ್ನು ಚಲಿಸುವಂತೆ ಮಾಡುವುದನ್ನು ಇಪ್ಪತ್ತು ಬಾರಿ ಅಭ್ಯಾಸ ಮಾಡಿದರೆ ಆ ಘಟ್ಟವು ಪಾದಕ್ಕೆ ಪರಿಚಿತವಾಗುತ್ತದೆ. ಆದರೆ ದಾರಿಯುದ್ದಕ್ಕೂ ಕ್ಲಚ್ಚಿನ ಮೇಲೆ ಕಾಲಿರಿಸುವುದು ಸಲ್ಲದು. ಅರೆಹಿಡಿತದಲ್ಲಿ ತಟ್ಟೆಯು ಸವೆದು ಸುಟ್ಟುಹೋಗುತ್ತದೆ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕನ್ನು ಎಳೆದಿಟ್ಟು, ಕ್ಲಚ್ಚು ಹಿಡಿಯುವ ಘಟ್ಟಕ್ಕೆ ಬಂದುದನ್ನು ಅರಿತು, ಆಕ್ಸಿಲರೇಟರನ್ನು ತುಸು ಒತ್ತಿ, ಆಮೇಲೆ ಬ್ರೇಕನ್ನು ಸಡಿಲಿಸಬೇಕು. ಆಗ ಗಾಡಿ ಹಿಂದಕ್ಕೆ ಜಾರದು.

ಇಂದಿನವರಿಗೆ ಒಂದು ಅನುಕೂಲವಿದೆ. ಹಿಂದಿನ ಗಾಡಿಗಳಲ್ಲಿ ಹಲ್ಲುಗಾಲಿಗಳ ವೇಗವನ್ನು ಚಾಲಕನೇ ಹೊಂದಿಸಬೇಕಾಗಿದ್ದು, ಗೇರು ಬದಲಿಸಲು ಎರಡೆರಡು ಸಲ ಕ್ಲಚ್ಚು ತುಳಿಯಬೇಕಿತ್ತು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸಿಂಕ್ರೋಮೆಶ್ ಎಂಬ ಏರ್ಪಾಡು ಆ ಶ್ರಮವನ್ನು ತಪ್ಪಿಸಿತು.

ಆದರೆ ನಿಜವಾದ ಪರೀಕ್ಷೆಯು ಏರಿನಲ್ಲಿಲ್ಲ, ಇಳಿಜಾರಿನಲ್ಲಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಟ್ಟದಲ್ಲಿ ೧೪ ಕಡಿದಾದ ತಿರುವುಗಳಿವೆ. ಇಂತಹ ಕಡೆ ಪೆಟ್ರೋಲು ಉಳಿಯಲೆಂದು ಗೇರನ್ನು ತಟಸ್ಥಕ್ಕೆ ತಂದು ಗಾಡಿಯನ್ನು ಉರುಳಬಿಡುವವರುಂಟು. ಇದು ಮಿತವ್ಯಯವಲ್ಲ, ಪ್ರಾಣದೊಡನೆ ಆಡುವ ಆಟ. ಗೇರಿನಲ್ಲಿದ್ದಾಗ ಎಂಜಿನ್ನೇ ಚಕ್ರಗಳನ್ನು ಹಿಡಿದೆಳೆಯುತ್ತದೆ. ತಟಸ್ಥದಲ್ಲಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಎಡೆಬಿಡದೆ ಒತ್ತಿದ ಬ್ರೇಕು ಕಾಯುತ್ತದೆ. ಡಾಟ್ ೩ ವರ್ಗದ ಬ್ರೇಕ್ ದ್ರವವು ಹೊಸದಾಗಿದ್ದಾಗ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೂ, ತೇವ ಹೀರಿ ಹಳತಾದಾಗ ೧೪೦ ಡಿಗ್ರಿಯ ಸುಮಾರಿಗೇ ಕುದಿಯಬಹುದು. ಕುದಿದರೆ ಪೆಡಲು ಪೊಳ್ಳಾಗಿ ಕೆಳಗಿಳಿಯುತ್ತದೆ, ಗಾಡಿ ನಿಲ್ಲದು. ಎಂಜಿನ್ನನ್ನೇ ಆರಿಸಿದರಂತೂ ಬ್ರೇಕಿಗೆ ಒದಗುವ ಸಹಾಯಬಲವೂ ಕೆಲವೇ ಒತ್ತುಗಳಲ್ಲಿ ತೀರಿಹೋಗುತ್ತದೆ.

ಉಳಿತಾಯದ ಲೆಕ್ಕವೂ ತಪ್ಪು. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂಧನದ ಸರಬರಾಜು ತಾನಾಗಿ ನಿಲ್ಲುತ್ತದೆ. ತಟಸ್ಥದಲ್ಲಾದರೆ ಎಂಜಿನ್ನು ಆರದಿರಲು ಇಂಧನ ಬೇಕೇ ಬೇಕು. ಆದುದರಿಂದ ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತೇ ಪ್ರಮಾಣ.

ಕಾನೂನಿನ ಮಾತನ್ನೂ ಮರೆಯಬಾರದು. ೧೯೮೮ರ ಮೋಟಾರು ವಾಹನ ಕಾಯ್ದೆಯಂತೆ ಕಾರು ನಡೆಸಲು ೧೮ ವರ್ಷ ತುಂಬಿರಬೇಕು. ಕಲಿಕಾ ಪರವಾನಗಿ ಆರು ತಿಂಗಳು ನಡೆಯುತ್ತದೆ. ಅದನ್ನು ಪಡೆದು ೩೦ ದಿನ ಕಳೆದ ಮೇಲೆ ಚಾಲನಾ ಪರೀಕ್ಷೆ. ಅಲ್ಲಿಯವರೆಗೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರವೂ, ಪಕ್ಕದಲ್ಲಿ ಪರವಾನಗಿಯುಳ್ಳ ಕಲಿಸುವವರೂ ಇರತಕ್ಕದ್ದು. ಅಪ್ರಾಪ್ತ ಮಗನ ಕೈಗೆ ಕೀಲಿ ಕೊಟ್ಟು ಹೆಮ್ಮೆಪಡುವ ತಂದೆತಾಯಿಗಳು ಗಮನಿಸಬೇಕು: ೨೦೧೯ರ ತಿದ್ದುಪಡಿಯಂತೆ ಅವನು ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ೨೫,೦೦೦ ರೂಪಾಯಿ ದಂಡ ವಿಧಿಸಬಹುದಾಗಿದೆ.

ಕೊನೆಯದಾಗಿ ಕಲಿಸುವವರಿಗೊಂದು ಮಾತು. ಪಕ್ಕದಲ್ಲಿ ಕುಳಿತು ಗದರಿದರೆ ಕಲಿಯುವವರ ಕಾಲು ಬೆದರುತ್ತದೆ. ಬೆದರಿದ ಕಾಲು ಕ್ಲಚ್ಚನ್ನು ಥಟ್ಟನೆ ಬಿಡುತ್ತದೆ. ಮನೆಯ ಹೆಣ್ಣುಮಕ್ಕಳು ಎರಡೇ ದಿನಕ್ಕೆ ಕಲಿಕೆಯನ್ನು ಕೈಬಿಡುವುದು ಅಸಾಮರ್ಥ್ಯದಿಂದಲ್ಲ, ಬಹುಪಾಲು ಈ ಗದರಿಕೆಯಿಂದ. ಗಾಡಿ ಹತ್ತು ಸಲ ನಿಂತರೆ ಹನ್ನೊಂದನೆಯ ಸಲ ಹೊರಡುತ್ತದೆ. ಕಲಿಯುವವರ ಪಾದದಂತೆಯೇ ಕಲಿಸುವವರ ನಾಲಿಗೆಯೂ ಮೆಲ್ಲಗೆ ಬಿಡುವುದನ್ನು ಅಭ್ಯಾಸ ಮಾಡಿಕೊಳ್ಳಲಿ.